ಕಡಲಲ್ಲಿ ಅನುಮಾನದ ಬೋಟು ಕಂಡರೆ

ನಾನು ಕೇರಳದ ಮಂಜೇಶ್ವರದವನು. ಇಪ್ಪತ್ತೆಂಟು ವರ್ಷ ಬೋಟಲ್ಲಿ ದುಡಿದು ಈಗ ಅಳಿಯನ ಕೈಗೆ ಬಿಟ್ಟಿದ್ದೇನೆ. ಹೊಸದಾಗಿ ಕಡಲಿಗೆ ಇಳಿಯುವ ಹುಡುಗರಿಗೆ ಈ ನಾಲ್ಕು ಮಾತು.

ಗುರುತಿಲ್ಲದ ಬೋಟೆಲ್ಲ ಅನುಮಾನದ್ದಲ್ಲ. ಮಲ್ಪೆ, ಮಂಗಳೂರಿನವು ಬರುತ್ತವೆ, ತಮಿಳುನಾಡಿನವೂ ಬರುತ್ತವೆ. ಭಾಷೆ ಬೇರೆ ಅಂತ ಪೊಲೀಸರಿಗೆ ಫೋನ್ ಮಾಡಬೇಡಿ. ಬಲೆ ನೋಡಿ. ಮೀನು ಹಿಡಿಯುವವರ ಬಲೆ ಒದ್ದೆ ಇರುತ್ತದೆ, ಮೇಲೆ ಹಕ್ಕಿ ಸುತ್ತುತ್ತಿರುತ್ತವೆ. ಒಣ ಬಲೆ ಮಡಚಿಟ್ಟು ಗಂಟೆಗಟ್ಟಲೆ ಸುಮ್ನೆ ನಿಂತಿದ್ದರೆ, ನಂಬರ್ ಅಳಿಸಿದ್ದರೆ, ರಾತ್ರಿ ದೀಪ ಆರಿಸಿ ಓಡುತ್ತಿದ್ದರೆ ಆಗ ಅನುಮಾನ ಪಡಿ. 2008ರಲ್ಲಿ ಮುಂಬೈಗೆ ನುಗ್ಗಿದವರು ನಮ್ಮ ದೇಶದ್ದೇ ಮೀನಿನ ಬೋಟು 'ಕುಬೇರ್' ಅನ್ನು ದಾರಿಯಲ್ಲಿ ಕಸಿದುಕೊಂಡು ಬಂದರು. ಹೊರಗಿಂದ ಯಾರಿಗೆ ಗೊತ್ತಾಗಬೇಕು, ಅಲ್ವಾ?

ಹತ್ತಿರ ಹೋಗಬೇಡಿ, ಕೂಗಿ ಕರೆಯಲೂ ಬೇಡಿ. ನಿಮ್ಮ ಪಾಡಿಗೆ ಹೋಗುತ್ತಲೇ ಜಿಪಿಎಸ್‌ನಲ್ಲಿ ಮಾರ್ಕ್ ಒತ್ತಿ. ಅದು ನೀವಿರುವ ಜಾಗ. ಅಲ್ಲಿಂದ ಆ ಬೋಟು ತೆಂಕಿಗೋ ಬಡಗಿಗೋ, ಎಷ್ಟು ದೂರ, ಮೂತಿ ಯಾವ ಕಡೆ, ಎಷ್ಟು ಜನ, ಗಂಟೆ ಎಷ್ಟು, ಎಲ್ಲ ಬರೆದುಕೊಳ್ಳಿ. ಒದ್ದೆ ಕೈಯಲ್ಲಿ ಪೆನ್ನು ಕೈಕೊಡುತ್ತದೆ. ನಾನು ಪೆನ್ಸಿಲ್ ತುಂಡೊಂದನ್ನು ಟಂಗೀಸಿನಲ್ಲಿ, ಅಂದರೆ ನೈಲಾನ್ ದಾರದಲ್ಲಿ, ಕಟ್ಟಿ ಸ್ಟಿಯರಿಂಗ್ ಪಕ್ಕ ನೇತುಹಾಕಿದ್ದೆ. ಬರೆಯುವುದು ಐಸ್ ಪೆಟ್ಟಿಗೆಯ ಥರ್ಮಾಕೋಲ್ ಮುಚ್ಚಳದ ಮೇಲೆ.

ಈ ಬುದ್ಧಿ ನನಗೆ ಮರ್ಯಾದೆ ಹೋದ ಮೇಲೆ ಬಂದದ್ದು. ಒಮ್ಮೆ ಫೋನ್ ಮಾಡಿದಾಗ "ಎಲ್ಲಿ?" ಅಂತ ಕೇಳಿದರು. "ಪೊಸಡಿ ಗುಂಪೆಯ ನೇರಕ್ಕೆ, ಪಡುವಕ್ಕೆ" ಅಂದೆ. ಅದು ನಮ್ಮ ಕಡೆಯ ಗುಡ್ಡ, ನಮ್ಮೊಳಗೆ ಅಷ್ಟು ಸಾಕು. ಆ ಕಡೆಯವರು ನಕ್ಕರು. ಜಿಪಿಎಸ್ ನಂಬರ್ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ತನಕ ಕರಾವಳಿ ಪೊಲೀಸರು: 1093. ಅದರಾಚೆ ಕೋಸ್ಟ್ ಗಾರ್ಡ್: 1554. ಯಾರಿಗೆ ಅಂತ ತಲೆಕೆಡಿಸಿಕೊಂಡು ಹೊತ್ತು ಕಳೆಯಬೇಡಿ, ಒಬ್ಬರಿಗೆ ಹೇಳಿ. ಫೋನಿಗೆ ಸಿಗ್ನಲ್ ಇಲ್ಲದ ಕಡೆ ಬೋಟಿನ ವಿಎಚ್‌ಎಫ್ ರೇಡಿಯೋದಲ್ಲಿ ಚಾನೆಲ್ 16.

ಇನ್ನು, ಗಸ್ತಿನವರ ಕಣ್ಣಿಗೆ ನೀವೂ ಗುರುತಿಲ್ಲದವರೇ. ಮಳೆಗಾಲದಲ್ಲಿ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯಬಾರದೆನ್ನುವ ಕೇರಳದ ಟ್ರಾಲಿಂಗ್ ನಿಷೇಧ 52 ದಿನ. ಆಗ ಬೋಟು ದಡದ ಮೇಲೆ ಇರುವಾಗಲೇ ಅದರ ನಂಬರಿಗೆ ಹೊಸ ಬಣ್ಣ ಹೊಡೆಸಿ. ಗುರುತಿನ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೋಟಲ್ಲೇ ಇಡಿ. ನಮ್ಮ ಅಳಿಯ ಕಳೆದ ವರ್ಷ ಅದನ್ನು ಅಂಗಿಯ ಜೇಬಲ್ಲೇ ಬಿಟ್ಟ. ಅಂಗಿ ಮನೆಯಲ್ಲಿತ್ತು. ಎರಡು ಗಂಟೆ ನಿಲ್ಲಿಸಿದರು, ಅಷ್ಟರಲ್ಲಿ ಬಂಗುಡೆಯ ಐಸ್ ಪೂರಾ ನೀರು.