ಹಂಚೋ ತಗಡೋ? ಪಾಯ ತೆಗೆಯುವ ಮೊದಲೇ ತೀರ್ಮಾನಿಸಿ

ಮನೆ ಕಟ್ಟಿಸುವವರು ಮಾಡಿನ (ಛಾವಣಿಯ) ಬಗ್ಗೆ ಯೋಚಿಸುವುದು ಹೆಚ್ಚಾಗಿ ಗೋಡೆ ಎದ್ದ ಮೇಲೆ. ಅಷ್ಟು ಹೊತ್ತಿಗೆ ಅರ್ಧ ತೀರ್ಮಾನ ತಾನಾಗಿಯೇ ಆಗಿಹೋಗಿರುತ್ತದೆ. ಮಾಡು ಎಷ್ಟು ಇಳಿಜಾರಾಗಬಲ್ಲದು, ಪಾಯ ಎಷ್ಟು ಭಾರ ಹೊರಬಲ್ಲದು ಎಂಬುದು ಆಗಲೇ ನಿಗದಿಯಾಗಿರುತ್ತದೆ. ಹಾಗಾಗಿ ಹಂಚು ಬೇಕೋ ತಗಡಿನ ಶೀಟು ಬೇಕೋ ಎಂಬುದನ್ನು ನಕ್ಷೆಯ ಹಂತದಲ್ಲೇ ಇತ್ಯರ್ಥ ಮಾಡಿ. ಬಣ್ಣದ ಮಾತು ಕೊನೆಗೆ ಬರಲಿ.

ಮೊದಲು ನೋಡಬೇಕಾದದ್ದು ಇಳಿಜಾರು. ಹಂಚುಗಳ ನಡುವೆ ಸಂದು ಇದ್ದೇ ಇರುತ್ತದೆ. ನೀರು ನಿಲ್ಲದೆ ಓಡಿದರೆ ಮಾತ್ರ ಒಳಗಿಳಿಯುವುದಿಲ್ಲ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿಯಾದರೂ ಬೇಕು, ಗಾಳಿಮಳೆಯ ಜಾಗದಲ್ಲಿ ಇನ್ನೂ ಹೆಚ್ಚು. ಶೀಟು 10 ಡಿಗ್ರಿಗೂ ಒಪ್ಪುತ್ತದೆ. ಗೋಡೆಯಿಂದ ನೆತ್ತಿಯ (ಮಾಡಿನ ತುತ್ತತುದಿಯ) ನೇರಕ್ಕೆ ಅಡ್ಡಲಾಗಿ 4 ಮೀಟರ್ ಇದ್ದರೆ, 25 ಡಿಗ್ರಿಗೆ ನೆತ್ತಿ ಸುಮಾರು 1.9 ಮೀಟರ್ ಏರಬೇಕು. 10 ಡಿಗ್ರಿಗೆ 70 ಸೆಂಟಿಮೀಟರ್ ಸಾಕು. ಅಷ್ಟು ಎತ್ತರಕ್ಕೆ ನಕ್ಷೆಯಲ್ಲಿ ಜಾಗವಿಲ್ಲದಿದ್ದರೆ ಹಂಚಿನ ಆಸೆ ಅಲ್ಲಿಗೇ ಬಿಡುವುದು ಒಳ್ಳೆಯದು.

ಆಮೇಲೆ ಭಾರ. ಹಂಚಿನ ಮಾಡು ಚದರ ಮೀಟರಿಗೆ ಸುಮಾರು 40ರಿಂದ 50 ಕಿಲೋ ತೂಗುತ್ತದೆ, ಅರ್ಧ ಮಿಲಿಮೀಟರ್ ಉಕ್ಕಿನ ಶೀಟು 5 ಕಿಲೋ. 100 ಚದರ ಮೀಟರಿನ ಮಾಡಾದರೆ ಒಂದು ಕಡೆ ನಾಲ್ಕೈದು ಟನ್, ಇನ್ನೊಂದು ಕಡೆ ಅರ್ಧ ಟನ್. ಮಳೆನೀರು ಹೀರಿದ ಮಣ್ಣಿನ ಹಂಚು ಇನ್ನಷ್ಟು ತೂಗುತ್ತದೆ. ಭೂಕಂಪದ ಭಯವಿರುವಲ್ಲಿ ಹಗುರ ಮಾಡೇ ಮೇಲು. ಆದರೆ ಹಗುರವೆಂದು ಚೌಕಟ್ಟಿನಲ್ಲಿ ಜಿಪುಣತನ ಮಾಡಬೇಡಿ. ಗಾಳಿ ಮಾಡನ್ನು ಒತ್ತುವುದಷ್ಟೇ ಅಲ್ಲ, ಮೇಲಕ್ಕೆ ಎಳೆಯುತ್ತದೆ. ಆ ಎಳೆತ ಅಂಚು, ಮೂಲೆಗಳಲ್ಲಿ ಅತಿ ಹೆಚ್ಚು. ಅಲ್ಲಿ ಸ್ಕ್ರೂಗಳು ಒತ್ತೊತ್ತಾಗಿರಬೇಕು, ಚೌಕಟ್ಟು ಗೋಡೆಗೆ ಬಿಗಿಯಾಗಿ ಕಟ್ಟಿಕೊಂಡಿರಬೇಕು. ಹಂಚಿನ ಮಾಡಿನಲ್ಲೂ ಸೂರಿನ ಮತ್ತು ನೆತ್ತಿಯ ಸಾಲುಗಳನ್ನು ಬಿಗಿದೇ ಕೂರಿಸಬೇಕು.

ಬೆಲೆ ಹೋಲಿಸುವಾಗ ಬಹಳ ಜನ ಎಡವುವುದು ಇಲ್ಲಿ: ಹಂಚಿನ ಪಕ್ಕದಲ್ಲಿ ಬರೀ ಶೀಟನ್ನು ಇಟ್ಟು ಲೆಕ್ಕ ಹಾಕುತ್ತಾರೆ. ಹಂಚಿನ ಸಂದುಗಳಲ್ಲಿ ಗಾಳಿಯಾಡುತ್ತದೆ, ಬಿಸಿ ನಿಧಾನವಾಗಿ ಇಳಿಯುತ್ತದೆ. ಬರೀ ಶೀಟು ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಕಾಯುತ್ತದೆ, ರಾತ್ರಿ ಬೇಗ ತಣಿದು ಒಳಮೈಯಲ್ಲಿ ಬೆವರುತ್ತದೆ, ಜೋರು ಮಳೆಯಲ್ಲಿ ಮಾತೇ ಕೇಳದಷ್ಟು ಸದ್ದು ಮಾಡುತ್ತದೆ. ಶಾಖ ತಡೆಯುವ ಪದರ, ಗಾಳಿಯಾಡುವ ಜಾಗ, ಕೆಳಗೊಂದು ಸೀಲಿಂಗ್ ಸೇರಿಸಿದರೆ ಈ ದೂರುಗಳು ಬಹುಮಟ್ಟಿಗೆ ತೀರುತ್ತವೆ, ತಿಳಿಬಣ್ಣವೂ ನೆರವಾಗುತ್ತದೆ. ಆ ಖರ್ಚನ್ನೆಲ್ಲ ಕೂಡಿಸಿ ಲೆಕ್ಕ ಹಾಕಿ. ಹಂಚಿನ ಲೆಕ್ಕಕ್ಕೆ ದಪ್ಪ ಪಕಾಸು (ನೆತ್ತಿಯಿಂದ ಸೂರಿಗೆ ಇಳಿಯುವ ಮರ), ತೊಲೆಗಳನ್ನೂ ಸೇರಿಸಿ. ಕಡಿದಾದ ಮಾಡಿಗೆ ಜಾಗವಿದ್ದು ಚೌಕಟ್ಟು ಗಟ್ಟಿಯಿದ್ದರೆ ನನ್ನ ಮತ ಹಂಚಿಗೇ. ಒಂದು ಒಡೆದರೆ ಒಂದನ್ನೇ ಬದಲಿಸಬಹುದು ಎಂಬುದು ಸಣ್ಣ ಅನುಕೂಲವಲ್ಲ.

ಹಂಚು ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಚೆನ್ನಾಗಿ ಬೆಂದದ್ದು ಠಣ್ಣೆನ್ನುತ್ತದೆ, ಬಿರುಕಿದ್ದದ್ದು ಮಂದ ಸದ್ದು ಕೊಡುತ್ತದೆ. ಒಣ ಹಂಚನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿ. ಎರಡು ಕಡೆಯ ಮಾದರಿ ಸಿಕ್ಕಿದ್ದರೆ, ಕಡಿಮೆ ನೀರು ಕುಡಿದದ್ದನ್ನು ಆರಿಸಿ. ರೀಪು (ಹಂಚು ಕೂರುವ ಅಡ್ಡಪಟ್ಟಿ) ಹೊಡೆಯುವ ಮೊದಲು ಹಂಚು ಅಂಗಳಕ್ಕೆ ಬಂದಿರಲಿ. ಹತ್ತು ಹಂಚನ್ನು ಸಾಲಾಗಿ ಜೋಡಿಸಿ, ಒತ್ತಿ ಒಮ್ಮೆ, ಎಳೆದು ಒಮ್ಮೆ ಅಳೆದು, ಸರಾಸರಿ ತೆಗೆದು ರೀಪಿನ ಅಂತರ ಗೊತ್ತುಮಾಡಬೇಕು. ಹಳೆಯ ಮನೆಯ ಅಳತೆ ಬಾಯಿಪಾಠವಿದೆ ಎನ್ನುವ ಬಡಗಿಗೂ ಇದನ್ನು ಮಾಡಿಸಿ.

ಶೀಟಿನಲ್ಲಿ ಎರಡು ಪ್ರಶ್ನೆ ಕೇಳಿ. ಹೇಳುತ್ತಿರುವ ದಪ್ಪ ಬರೀ ಉಕ್ಕಿನದೋ, ತುಕ್ಕು ತಡೆಯುವ ಲೇಪ, ಬಣ್ಣ ಎಲ್ಲ ಸೇರಿದ್ದೋ? ಲೇಪ ಚದರ ಮೀಟರಿಗೆ ಎಷ್ಟು ಗ್ರಾಂ? ಅಲ್ಯೂಮಿನಿಯಂ-ಸತು ಲೇಪದಲ್ಲಿ 150 ಗ್ರಾಂ ಎಂದರೆ ಎರಡೂ ಮೈ ಸೇರಿ. ಕಡಲಿನ ಉಪ್ಪುಗಾಳಿ ಬೀಸುವಲ್ಲಿ ಉಕ್ಕಿನ ಶೀಟಿಗಿಂತ ಹಂಚು ಅಥವಾ ಅಲ್ಯೂಮಿನಿಯಂ ಶೀಟು ವಾಸಿ. ತಾಮ್ರದ ಪೈಪಿನ ನೀರು ಸತುವಿನ ಲೇಪದ ಮೇಲೆ ತೊಟ್ಟಿಕ್ಕಬಾರದು. ಹಸಿ ಸಿಮೆಂಟ್ ಕೂಡ ತಾಗದಿರಲಿ.

ಕೂರಿಸುವಾಗ ಶೀಟಿನ ಪಕ್ಕದ ಜೋಡಣೆ ಗಾಳಿ ಬರುವ ದಿಕ್ಕಿಗೆ ಬಾಯಿ ತೆರೆದಿರಬಾರದು. ರಬ್ಬರ್ ವಾಷರ್ ಚಪ್ಪಟೆಯಾಗಿ ಹೊರಗೆ ಉಬ್ಬುವಷ್ಟು ಸ್ಕ್ರೂ ತಿರುಗಿಸಿದರೆ ಮುಂದೆ ಸೋರುವುದೇ ಅಲ್ಲಿ. ಹತ್ತು ಮೀಟರ್ ಉದ್ದದ ಉಕ್ಕಿನ ಶೀಟು 50 ಡಿಗ್ರಿ ಬಿಸಿ ಏರಿದರೆ ಸುಮಾರು 6 ಮಿಲಿಮೀಟರ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಅದರ ಎರಡರಷ್ಟು. ಆ ಓಡಾಟಕ್ಕೆ ಎಡೆ ಬಿಡಬೇಕು. ಗ್ರೈಂಡರಿನಿಂದ ಕೊಯ್ಯಲು ಬಿಡಬೇಡಿ, ಕಿಡಿಗೆ ಲೇಪ ಸುಡುತ್ತದೆ, ಕತ್ತರಿಯಿಂದ ಕತ್ತರಿಸಲಿ. ಮಾಡಿನ ಮೇಲೆ ಬಿದ್ದ ಉಕ್ಕಿನ ಚೂರುಗಳನ್ನು ಅಂದಂದೇ ಗುಡಿಸಿ ತೆಗೆಸಿ, ಇಲ್ಲದಿದ್ದರೆ ಹೊಸ ಶೀಟಿನ ಮೇಲೇ ತುಕ್ಕಿನ ಕಲೆ ಕೂರುತ್ತದೆ.