ಆನ್ ಆಗುತ್ತಲೇ ಆಫ್ ಆಗುವ ಕಂಪ್ಯೂಟರ್: ಮೊದಲು ಸೆಕೆಂಡ್ ಎಣಿಸಿ

ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ. ಪರದೆಯ ಮೇಲೆ ಏನಾದರೂ ಮೂಡುವಷ್ಟರಲ್ಲಿ ಟಪ್ ಅಂತ ಎಲ್ಲ ಬಂದ್. ಮತ್ತೆ ಒತ್ತಿದರೆ ಮತ್ತೆ ಅದೇ ಕಥೆ. ಇಂಥ ಹೊತ್ತಲ್ಲಿ ಕೆಲವರು ಸ್ಕ್ರೂಡ್ರೈವರ್ ಹುಡುಕುತ್ತಾರೆ, ಇನ್ನು ಕೆಲವರು ವಿಂಡೋಸ್ ಹೊಸದಾಗಿ ಹಾಕಲು ಹೊರಡುತ್ತಾರೆ. ಸದ್ಯಕ್ಕೆ ಎರಡೂ ಬೇಡ. ಸೆಕೆಂಡ್ ತೋರಿಸುವ ಗಡಿಯಾರ, ಒಂದು ಚೀಟಿ, ಪೆನ್ನು ಸಾಕು.

ಬಟನ್ ಒತ್ತಿದ ಮೇಲೆ ಎಷ್ಟು ಸೆಕೆಂಡಿಗೆ ಆಫ್ ಆಯಿತು? ಮೂರು ಸಲ ನೋಡಿ ಬರೆದಿಟ್ಟುಕೊಳ್ಳಿ. ಆಫ್ ಆದದ್ದು ಹಾಗೇ ಉಳಿಯಿತೋ, ತಾನಾಗಿ ಮತ್ತೆ ಆನ್ ಆಯಿತೋ, ಅದನ್ನೂ ಬರೆಯಿರಿ. ಡೆಸ್ಕ್‌ಟಾಪ್‌ನಲ್ಲಿ ಕಾಯಿಲೆ ಎಲ್ಲಿದೆ ಅನ್ನುವುದು ಮುಕ್ಕಾಲು ಪಾಲು ಈ ಚೀಟಿಯಲ್ಲೇ ಗೊತ್ತಾಗುತ್ತದೆ.

ಬಿಚ್ಚುವ ಮೊದಲು

ಯುಪಿಎಸ್, ಎಕ್ಸ್‌ಟೆನ್ಶನ್ ಬೋರ್ಡ್ ಎಲ್ಲ ಪಕ್ಕಕ್ಕಿಟ್ಟು ಗೋಡೆಯ ಸಾಕೆಟ್‌ಗೇ ನೇರವಾಗಿ ಸಿಕ್ಕಿಸಿ. ಬ್ಯಾಟರಿ ಹೋದ ಯುಪಿಎಸ್ ಲೋಡ್ ಬಿದ್ದ ಕೂಡಲೇ ಕೈಕೊಡುವುದುಂಟು. ಕ್ಯಾಬಿನೆಟ್ ಹಿಂದಿನ ಪವರ್ ಕೇಬಲ್ ಅಲ್ಲಾಡುತ್ತಿದ್ದರೆ ಒತ್ತಿ ಕೂರಿಸಿ.

ಆಮೇಲೆ ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಉಳಿದದ್ದೆಲ್ಲ ಕಿತ್ತುಬಿಡಿ. ಯುಎಸ್‌ಬಿ ಪೋರ್ಟ್‌ಗಳೊಳಗೆ ಟಾರ್ಚ್ ಬಿಟ್ಟು ನೋಡಿ. ಒಳಗಿನ ಪಿನ್ ಬಾಗಿ ಲೋಹಕ್ಕೆ ತಾಗಿದ್ದರೂ ಸಾಕು, ಶಾರ್ಟ್ ಆಗುತ್ತದೆ. ಯುಎಸ್‌ಬಿಯಲ್ಲಿ ಕರೆಂಟ್ ಜಾಸ್ತಿ ಹರಿಯುತ್ತಿದೆ, 15 ಸೆಕೆಂಡಿನಲ್ಲಿ ಆಫ್ ಆಗುತ್ತೇನೆ ಎಂದು ಕೆಲವು ಮದರ್‌ಬೋರ್ಡ್‌ಗಳು (ಎಲ್ಲ ಭಾಗಗಳೂ ಕೂರುವ ದೊಡ್ಡ ಬೋರ್ಡ್) ಪರದೆಯ ಮೇಲೇ ಬರೆದು ತೋರಿಸುತ್ತವೆ.

ಒಂದೆರಡು ಸೆಕೆಂಡಿಗೇ ಆಫ್ ಆದರೆ

ಎಲ್ಲೋ ಶಾರ್ಟ್ ಆಗಿದೆ, ಇಲ್ಲವೇ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ, ಸೋತಿದೆ. ಪ್ಲಗ್ ಕಿತ್ತು, ಪವರ್ ಬಟನ್ ಒಂದಿಷ್ಟು ಹೊತ್ತು ಒತ್ತಿ ಹಿಡಿದು, ಆಮೇಲೆ ಕ್ಯಾಬಿನೆಟ್ ತೆರೆಯಿರಿ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕೇಬಲ್ ಪೂರ್ತಿ ಕೂತಿದೆಯೇ? ಬೋರ್ಡ್ ಮೇಲಿನ ಪುಟ್ಟ ಡಬ್ಬಿಗಳಂಥ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿ, ಕಂದು ಅಂಟು ಸುರಿದಿದ್ದರೆ ಬೋರ್ಡ್ ರಿಪೇರಿಗೆ ಹೋಗಬೇಕು.

ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್ ಕೇಬಲ್ ತೆಗೆಯಿರಿ. ಮದರ್‌ಬೋರ್ಡ್‌ನಿಂದಲೇ ಮಾನಿಟರ್‌ಗೆ ಚಿತ್ರ ಬರುವಂತಿದ್ದರೆ ಗ್ರಾಫಿಕ್ಸ್ ಕಾರ್ಡನ್ನೂ ತೆಗೆಯಿರಿ. ಒಂದೇ ರ‍್ಯಾಮ್ ಬಿಟ್ಟು ಆನ್ ಮಾಡಿ. ಆಫ್ ಆಗದೆ ನಿಂತರೆ, ಒಂದೊಂದನ್ನೇ ಹಾಕುತ್ತಾ ಬನ್ನಿ. ಪ್ರತಿ ಸಲವೂ ಪ್ಲಗ್ ಕಿತ್ತೇ ಕೈಹಾಕಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದಷ್ಟು ಕರೆಂಟ್ ಉಳಿದಿರುತ್ತದೆ.

ಪ್ರತಿ ಸಲವೂ ನಾಲ್ಕೈದು ಸೆಕೆಂಡ್?

ಇದು ನನಗೆ ಪಾಠ ಕಲಿಸಿದ ಲೆಕ್ಕ. ಒಮ್ಮೆ ನನ್ನ ಹಳೇ ಕಂಪ್ಯೂಟರ್ ಹೀಗೇ ಕಾಡುತ್ತಿತ್ತು. ಎಸ್‌ಎಂಪಿಎಸ್ ಬದಲಿಸಿದೆ, ರ‍್ಯಾಮ್ ಬದಲಿಸಿದೆ, ಎರಡೂ ದಂಡ. ಕೊನೆಗೆ ನೋಡಿದರೆ ಮುಂದಿನ ಪವರ್ ಬಟನ್ ಒಳಗೇ ಸಿಕ್ಕಿಕೊಂಡಿತ್ತು! ಆ ಬಟನ್ನನ್ನು ಸುಮಾರು 4 ಸೆಕೆಂಡ್ ಒತ್ತಿ ಹಿಡಿದರೆ ಕಂಪ್ಯೂಟರ್ ಆಫ್ ಆಗುವಂತೆ ಮಾಡಿರುತ್ತಾರೆ, ಅಲ್ವಾ? ಪಾಪ, ಅದು ಹೇಳಿದ್ದನ್ನೇ ಮಾಡುತ್ತಿತ್ತು.

ಪರೀಕ್ಷೆ ಸುಲಭ. ಮದರ್‌ಬೋರ್ಡ್ ಮೂಲೆಯಲ್ಲಿ ಪವರ್ ಸ್ವಿಚ್, ರೀಸೆಟ್ ಸ್ವಿಚ್ ಎಂದು ಎರಡು ಪುಟ್ಟ ವೈರ್ ಸಿಕ್ಕಿಸಿರುತ್ತಾರೆ. ಮೊದಲು ಫೋಟೋ ತೆಗೆದುಕೊಳ್ಳಿ. ಪವರ್ ವೈರ್ ಕಿತ್ತು ಆ ಜಾಗಕ್ಕೆ ರೀಸೆಟ್ ವೈರ್ ಹಾಕಿ, ರೀಸೆಟ್ ಬಟನ್ನಿಂದಲೇ ಆನ್ ಮಾಡಿ. ಆಫ್ ಆಗದೆ ನಿಂತರೆ ಕಳ್ಳ ಸಿಕ್ಕಿದ. ನನ್ನದು ಎರಡು ವರ್ಷ ರೀಸೆಟ್ ಬಟನ್ನಲ್ಲೇ ಓಡಿತು.

ಆಫ್ ಆಗಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದರೆ

ಇಲ್ಲಿ ಚೀಟಿ ನೋಡಿ. ಮೊದಲ ಸಲ 40 ಸೆಕೆಂಡ್, ಕೂಡಲೇ ಆನ್ ಮಾಡಿದರೆ 15, ಒಂದು ಗಂಟೆ ಬಿಟ್ಟು ನೋಡಿದರೆ ಮತ್ತೆ 40. ಹೀಗಿದ್ದರೆ ಮೊದಲ ಅನುಮಾನ ಬಿಸಿಯ ಮೇಲೆ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಮೊದಲು ನಿಧಾನವಾಗುತ್ತದೆ, ಇನ್ನೂ ಏರಿದರೆ ಸುಟ್ಟುಹೋಗದಿರಲು ಆಫ್ ಆಗುತ್ತದೆ.

ಪ್ರೊಸೆಸರ್ ಫ್ಯಾನ್ ತಿರುಗುತ್ತಿದೆಯೇ ನೋಡಿ. ಆಮೇಲೆ ಪ್ಲಗ್ ಕಿತ್ತು, ಧೂಳು ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಹಾಗೇ ಹೀಟ್‌ಸಿಂಕನ್ನು, ಅಂದರೆ ಫ್ಯಾನ್ ಕೆಳಗಿನ ಬಿಸಿ ಹೀರುವ ಲೋಹವನ್ನು, ಮೆಲ್ಲಗೆ ಅಲ್ಲಾಡಿಸಿ ನೋಡಿ. ಫ್ಯಾನ್, ಹೀಟ್‌ಸಿಂಕ್ ಸೇರಿದ್ದೇ ಕೂಲರ್. ಪ್ಲಾಸ್ಟಿಕ್ ಪಿನ್ನಿನ ಕೂಲರ್‌ಗಳಿಗೆ ನಾಲ್ಕು ಕಾಲು. ಮೂರು ಕೂತು ಒಂದು ಎದ್ದಿದ್ದರೂ ಹೀಟ್‌ಸಿಂಕ್ ಒಂದು ಕಡೆ ಕೂದಲೆಳೆಯಷ್ಟು ಮೇಲಿರುತ್ತದೆ. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಆದರೆ ಅಷ್ಟೇ ಸಂದು ಸಾಕು. ಕೂಲರ್ ಬಿಚ್ಚಿದಿರೋ, ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಹಳೇ ಥರ್ಮಲ್ ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿಯೇ ಮತ್ತೆ ಕೂರಿಸಿ.

ಈಗ ಆನ್ ಮಾಡಿ, ಡಿಲೀಟ್ ಅಥವಾ ಎಫ್2 ಕೀಲಿ ಒತ್ತುತ್ತಾ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ಸ್ ಪರದೆಗೆ ಹೋಗಿ. ಅಲ್ಲಿ ಪ್ರೊಸೆಸರ್ ಬಿಸಿ ಎಷ್ಟು ಅಂತ ಕಾಣುತ್ತದೆ. ನೋಡ್ತಾ ನೋಡ್ತಾ 80, 90 ದಾಟುತ್ತಿದ್ದರೆ ಕೂಲರ್ ಇನ್ನೂ ಸರಿ ಕೂತಿಲ್ಲ. ಎಸ್‌ಎಂಪಿಎಸ್ ಕೊಡುವ 12 ವೋಲ್ಟ್ ಲೈನನ್ನೂ ನೋಡಿ. 11.4 ರಿಂದ 12.6 ರೊಳಗೆ ಇರಬೇಕು. ಇಲ್ಲದಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಇಟ್ಟುಕೊಳ್ಳಿ.

ವಿಂಡೋಸ್ ಲೋಗೋ ಬಂದ ಮೇಲೆ

ಬಯೋಸ್ ಪರದೆಯಲ್ಲೇ ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಅಲ್ಲೂ ಆಫ್ ಆದರೆ ವಿಂಡೋಸ್‌ನದೇನೂ ತಪ್ಪಿಲ್ಲ. ಅಲ್ಲಿ ಗಟ್ಟಿಯಾಗಿ ನಿಂತು, ಲೋಗೋ ಬಂದಾಗ ಮಾತ್ರ ಆಫ್ ಆಗುತ್ತಿದ್ದರೆ ಸೇಫ್ ಮೋಡ್ ನೋಡಬೇಕು, ಅಂದರೆ ತೀರಾ ಬೇಕಾದಷ್ಟನ್ನೇ ಇಟ್ಟುಕೊಂಡು ವಿಂಡೋಸ್ ಶುರು ಮಾಡಬೇಕು. ಶುರುವಾಗುವಾಗಲೇ ಎರಡು ಮೂರು ಸಲ ಆಫ್ ಆದರೆ ವಿಂಡೋಸ್ 10 ಮತ್ತು 11 ತಾವಾಗಿ ರಿಪೇರಿ ಪರದೆ ತೋರಿಸುತ್ತವೆ. ಅಲ್ಲಿಂದ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಕೊಟ್ಟು, ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್. ತಾನಾಗಿ ಮತ್ತೆ ಆನ್ ಆಗುವ ಕಂಪ್ಯೂಟರ್ ಆದರೆ 9 ಒತ್ತಿ. ರೀಸ್ಟಾರ್ಟ್ ಆಗದೆ ನೀಲಿ ಪರದೆ ನಿಲ್ಲುತ್ತದೆ, ಅದರಲ್ಲಿರುವುದನ್ನು ಓದಬಹುದು.

ಸೇಫ್ ಮೋಡ್‌ನಲ್ಲಿ ಸರಿಯಿದ್ದರೆ ಕೊನೆಗೆ ಹಾಕಿದ ಡ್ರೈವರ್ (ಕಂಪ್ಯೂಟರಿನ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ತೆಗೆಯಿರಿ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಕಂಡು ಗಾಬರಿಯಾಗಬೇಡಿ. ಕಳೆದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತಷ್ಟೇ ಅದರರ್ಥ. ಅದು ನಿಮಗೂ ಗೊತ್ತು! ಡ್ರೈವರ್ ತೆಗೆದರೂ ಹಾಗೇ ಇದ್ದರೆ ಗೆಳೆಯರ ಎಸ್‌ಎಂಪಿಎಸ್ ತಂದು ಹಾಕಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಕೆಲಸಕ್ಕಿಳಿದಾಗಲೇ ಸೋತ ಎಸ್‌ಎಂಪಿಎಸ್ ಕೂತುಬಿಡುವುದುಂಟು.

ಇಷ್ಟಾದರೂ ಜಗ್ಗದಿದ್ದರೆ ಉಳಿದದ್ದು ಹೆಚ್ಚಾಗಿ ಮದರ್‌ಬೋರ್ಡ್. ರಿಪೇರಿಗೆ ಕೊಡುವಾಗ ಸೆಕೆಂಡ್ ಬರೆದ ಚೀಟಿಯನ್ನೂ ಕೊಡಿ. ಡಿಸ್ಕ್ ಕೇಬಲ್ ಕಿತ್ತಾಗಲೂ ಆಫ್ ಆಗುತ್ತಿದ್ದರೆ ಹಾರ್ಡ್ ಡಿಸ್ಕನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಈ ರಿಪೇರಿಗೆ ಅದು ಬೇಕಿಲ್ಲ, ನಿಮ್ಮ ಫೋಟೋಗಳೆಲ್ಲ ಅದರಲ್ಲೇ ಇವೆ.