ಎರಡೂವರೆ ಇಂಚಿನ ಕಾರ್ಡಲ್ಲಿ ನಮ್ಮ ತೋಟ, ಹಳ್ಳ, ಮಳೆ – ನನ್ನ ಅನುಭವ

ನಮ್ದು ಚಿಕ್ಕಮಗಳೂರು ಜಿಲ್ಲೆ ಆಲ್ದೂರು ಹತ್ರ ಮೂರು ಎಕರೆ ಕಾಫಿ ತೋಟ, ಮನೆ ಹಿಂದೆ ಒಂದು ಹಳ್ಳ. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು, ಆದ್ರೆ ಆ ಹಳ್ಳದ ದಂಡೇಲಿ ಎಷ್ಟು ಥರದ ಜರಿಗಿಡ ಇದೆ ಅಂತ ಒಂದ್ಸಲನೂ ಬಗ್ಗಿ ನೋಡಿರ್ಲಿಲ್ಲ. ನೋಡೋಕೆ ಶುರು ಮಾಡಿದ್ದು 2021ರ ಜೂನಲ್ಲಿ, ಅದೂ ಒಂದು ಪೋಸ್ಟ್ ಕವರ್ ಬಂದ ಮೇಲೆ.

ಹಾಸನದಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಲ್ಲಿ ಒಂದೇ ರೂಮಲ್ಲಿ ನಾವು ನಾಲ್ಕು ಜನ ಇದ್ವಿ. ಈಗ ಒಬ್ಳು ಹಾಸನದಲ್ಲೇ ಕೆಲಸದಲ್ಲಿದಾಳೆ, ಒಬ್ಳು ಸಕಲೇಶಪುರ, ಇನ್ನೊಬ್ಳು ಕಡೂರು ಕಡೆ, ನಾನು ಇಲ್ಲಿ. ವಾಟ್ಸಾಪ್ ಗ್ರೂಪ್ ಒಂದಿತ್ತು, ಅದ್ರಲ್ಲಿ ಗುಡ್ ಮಾರ್ನಿಂಗ್ ಬಿಟ್ರೆ ಮಾತೇ ಇರ್ತಿರ್ಲಿಲ್ಲ. ಅಂಥ ಟೈಮಲ್ಲಿ ಹಾಸನದವಳಿಂದ ಒಂದು ಕವರ್ ಬಂತು, ಒಳಗೆ ಇಸ್ಪೀಟ್ ಎಲೆಯಷ್ಟು ದೊಡ್ಡ ಒಂದು ದಪ್ಪ ಕಾಗದ, ಅದ್ರ ಮೇಲೆ ಗೋಡೆ ಸಂದೀಲಿ ಹುಟ್ಟಿದ ಅರಳಿ ಗಿಡದ ಚಿತ್ರ, ಮೂರೇ ಎಲೆ. ಹಿಂದುಗಡೆ "ಮೂರನೇ ಮಹಡಿ, ನಮ್ಮ ನೀರಿನ ಟ್ಯಾಂಕ್ ಪಕ್ಕ. ನಿಂದೂ ಒಂದು ಕಳ್ಸು" ಅಂತ ಬರೆದಿದ್ಲು.

ಫೋನ್ ಮಾಡಿದೆ. "ಏನೇ ಇದು?" ಅಂದ್ರೆ "ಎಟಿಸಿ ಕಣೇ, ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡು. ದುಡ್ಡಿಗೆ ಮಾರೋ ಹಾಗಿಲ್ಲ, ಕೊಟ್ಟು ತಗೋಬೇಕು ಅಷ್ಟೇ" ಅಂದ್ಲು. ಆಮೇಲೆ ನಾನೂ ಓದಿ ತಿಳ್ಕೊಂಡೆ. 1997ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಲ್ಲಿ ಎಂ. ವಾನ್ಚಿ ಸ್ಟಿರ್ನೆಮನ್ ಅನ್ನೋ ಕಲಾವಿದರು ಇದನ್ನ ಶುರು ಮಾಡಿದ್ದು, ತಮ್ಮ ಕಾರ್ಡುಗಳನ್ನ ಪ್ರದರ್ಶನಕ್ಕಿಟ್ಟು, ಬೇಕು ಅನ್ನೋರು ತಾವೂ ಒಂದು ಮಾಡ್ಕೊಂಡು ಬಂದು ಬದಲಾಯಿಸ್ಕೊಳ್ಳಿ ಅಂದ್ರಂತೆ. ಅಳತೆ ಮಾತ್ರ ಎಲ್ಲಾ ಕಡೆ ಒಂದೇ, ಎರಡೂವರೆ ಇಂಚು ಅಗಲ ಮೂರೂವರೆ ಇಂಚು ಉದ್ದ, ಅಂದ್ರೆ ಹೆಚ್ಚುಕಮ್ಮಿ 64 ಮಿಲಿಮೀಟರು 89 ಮಿಲಿಮೀಟರು. ಹಿಂದೆ ಹೆಸರು, ತಾರೀಕು, ಎಷ್ಟನೇ ಪ್ರತಿ ಅಂತ ಬರೀಬೇಕು. ಕೈಯಲ್ಲಿ ಚಿತ್ರ ಬರೆದ ಸಣ್ಣ ಎಲೆ ನಮ್ಮ ಕಡೆಗೇನೂ ಹೊಸದಲ್ಲ ಬಿಡಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ ಮೈಸೂರು ಗಂಜೀಫಾ ಇಸ್ಪೀಟು ಇದೆಯಲ್ಲ. ಅದು ಆಡೋಕೆ, ಇದು ಕೊಡೋಕೆ.

ನಾನು ಮೊದಲು ಮಾಡಿದ್ದು ಮನೇಲಿ ಕಟ್ಟು ಕಟ್ಟಿಟ್ಟಿದ್ದ ಹಳೇ ಮದುವೆ ಕಾರ್ಡುಗಳನ್ನ ಕತ್ತರಿಸಿ. ದಪ್ಪ ಇದೆ, ಹಿಂಭಾಗ ಖಾಲಿ ಇದೆ, ಸಾಕು ಅನ್ಕೊಂಡೆ. ಆದ್ರೆ ಅದ್ರ ನುಣುಪಿಗೆ ನೀರು ಬಣ್ಣ ಹಿಡಿಯೋದೇ ಇಲ್ಲ, ಹನಿ ಹನಿಯಾಗಿ ಜಾರ್ಕೊಂಡು ಹೋಗುತ್ತೆ. ಪೆನ್ಸಿಲ್ಲು ಪೆನ್ನಿಗೆ ಆಗುತ್ತೆ, ಬಣ್ಣಕ್ಕೆ ಆಗಲ್ಲ. ಆಮೇಲೆ ಚಿಕ್ಕಮಗಳೂರಿಗೆ ಹೋದಾಗ 300 ಜಿಎಸ್ಎಂ ದಪ್ಪದ ವಾಟರ್ ಕಲರ್ ಪೇಪರ್ ತಂದೆ. ಒಂದು ಎ4 ಹಾಳೇಲಿ ಅಡ್ಡ ಮೂರು ಉದ್ದ ಮೂರು, ಒಂಬತ್ತು ಕಾರ್ಡ್ ಸಿಗುತ್ತೆ. ತಿಂಗಳಿಗೆ ನನಗೆ ಬೇಕಾಗೋದು ನಾಲ್ಕು, ಮೂರು ಕಳ್ಸೋಕೆ ಒಂದು ನಂಗೆ, ಹಾಗಾಗಿ ಒಂದು ಹಾಳೆ ಎರಡು ತಿಂಗಳಿಗಾಗಿ ಒಂದು ಮಿಗುತ್ತೆ. ಕತ್ತರೀಲಿ ಕತ್ತರಿಸ್ಬೇಡಿ, ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಕಟರಲ್ಲಿ ಎರಡು ಮೂರು ಸಲ ಹಗುರವಾಗಿ ಎಳೆದ್ರೆ ಅಂಚು ನೀಟಾಗಿ ಬರುತ್ತೆ. ಪೋಸ್ಟಿಗೆ ಮಾಮೂಲಿ ಕವರ್ ಸಾಕು, 20 ಗ್ರಾಂ ಒಳಗಿದ್ರೆ 5 ರೂಪಾಯಿ ಸ್ಟಾಂಪು.

ನಾವು ನಾಲ್ಕು ಜನ ಸೇರಿ ನಮ್ದೇ ಒಂದು ಕಟ್ಟುಪಾಡು ಮಾಡ್ಕೊಂಡ್ವಿ. ಆ ತಿಂಗಳು ಮನೆಯಿಂದ ನಡ್ಕೊಂಡು ಹೋಗಿ ಕಣ್ಣಾರೆ ನೋಡಿದ್ದನ್ನೇ ಬರೀಬೇಕು, ಫೋಟೋ ಹುಡುಕಿ ನೋಡ್ಕೊಂಡು ಬರೆಯೋ ಹಾಗಿಲ್ಲ. ಇನ್ನೊಂದು ನಮ್ಮತ್ತೆ ಹೇಳಿದ್ದು. ನಾನು ಹಿಂದೆ ತಾರೀಕು ಬರೀತಿದ್ದೆ, ಅತ್ತೆ ನೋಡಿ "ತಾರೀಕು ಬರೆದ್ರೆ ಏನ್ ಗೊತ್ತಾಗುತ್ತೆ, ಯಾವ ಮಳೆ ಅಂತ ಬರಿ" ಅಂದ್ರು. ಅವತ್ತಿಂದ ನಮ್ಮೆಲ್ಲರ ಕಾರ್ಡಿನ ಹಿಂದೆ ಮಳೆ ನಕ್ಷತ್ರ ಇರುತ್ತೆ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಹದಿಮೂರು ಹದಿನಾಲ್ಕು ದಿನಕ್ಕೊಂದು ಬದಲಾಗೋದ್ರಿಂದ ಕಾರ್ಡ್ ನೋಡಿದ ತಕ್ಷಣ ಆ ಹೊತ್ತು ಕಣ್ಣ ಮುಂದೆ ಬರುತ್ತೆ. "ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ" ಅನ್ನೋ ಮಾತನ್ನ ಸಕಲೇಶಪುರದವಳು ಒಂದು ಕಾರ್ಡಲ್ಲಿ ತುಂಬಿದ ಗದ್ದೆ ಕೆಳಗೆ ಪುಟ್ಟದಾಗಿ ಬರೆದು ಕಳ್ಸಿದ್ಲು, ಅದು ಈಗ್ಲೂ ನಮ್ಮ ಅಡುಗೆಮನೆ ಕಿಟಕೀಲಿ ಇದೆ.

ನಂಗೆ ತುಂಬಾ ಕಷ್ಟ ಕೊಟ್ಟಿದ್ದೂ ತುಂಬಾ ಖುಷಿ ಕೊಟ್ಟಿದ್ದೂ ಕಾಫಿ ಹೂವು. ಮಾರ್ಚಲ್ಲಿ ಹೂ ಮಳೆ, ಅಂದ್ರೆ ಕಾಫಿ ಮೊಗ್ಗು ಅರಳಿಸೋ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತೆ, ಮಲ್ಲಿಗೆ ಥರದ ಆ ವಾಸನೆ ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಮನೆ ಒಳಗೇ ಬಂದ್ಬಿಡುತ್ತೆ, ಎರಡು ಮೂರು ದಿನ ಅಷ್ಟೇ, ಆಮೇಲೆ ಕಂದಿ ಹೋಗುತ್ತೆ. ಬಿಳಿ ಕಾಗದದ ಮೇಲೆ ಬಿಳಿ ಹೂ ಬರೆಯೋದು ಹೇಗೆ? ಮೊದಲ ವರ್ಷ ಬಿಳಿ ಪೋಸ್ಟರ್ ಕಲರ್ ಬಳಿದೆ, ಸುಣ್ಣ ಬಳಿದ ಹಾಗೆ ಕಾಣ್ತು, ಕಳ್ಸೋಕೆ ಮನಸ್ಸಾಗ್ಲಿಲ್ಲ. ಮುಂದಿನ ವರ್ಷ ಒಂದು ಗೊಂಚಲು ಮುಂದಿಟ್ಕೊಂಡು ಸುಮ್ನೆ ಕೂತು ನೋಡಿದೆ. ಎಸಳು ಎಣಿಸಿದೆ, ಅರೇಬಿಕಾದಲ್ಲಿ ಐದೈದೇ ಸಿಕ್ತು, ಬೇಲಿ ಪಕ್ಕದ ರೋಬಸ್ಟಾದಲ್ಲಿ ಆರು ಏಳು ಎಸಳಿಂದೂ ಸಿಕ್ತು. ಇಷ್ಟು ವರ್ಷ ಆ ಹೂವಿನ ಮಧ್ಯೆನೇ ಓಡಾಡ್ಕೊಂಡು ಇದ್ದೀನಿ, ಎಣಿಸಿದ್ದು ಅವತ್ತೇ. ನೋಡ್ತಾ ನೋಡ್ತಾ ಹೊಳೀತು, ಹೂವನ್ನ ಬರೀಬಾರ್ದು, ಹೂವಿನ ಹಿಂದಿನ ಕತ್ತಲೆ ಬರೀಬೇಕು ಅಂತ. ನಮ್ಮದೇ ಕಾಫಿ ಪುಡಿಯ ಗಟ್ಟಿ ಡಿಕಾಕ್ಷನ್ ತಗೊಂಡು, ಹೂವಿನ ಗೆರೆ ಬಿಟ್ಟು ಸುತ್ತ ಬಳಿದೆ, ಒಣಗಿದ ಮೇಲೆ ಮತ್ತೊಂದು ಪದರ, ಹೀಗೆ ನಾಲ್ಕು ಪದರ. ಕಾಗದದ ಬಿಳಿಯೇ ಹೂವಾಗಿ ಎದ್ದು ನಿಂತ್ಕೊಂಡ್ತು. ಇನ್‌ಸ್ಟಂಟ್ ಕಾಫಿಲೂ ಮಾಡ್ಬಹುದು, ಆದ್ರೆ ಗಟ್ಟಿಯಾಗಿ ಕಲಸಿ ಬಳಿದ್ರೆ ನಮ್ಮ ತೇವದ ಹವೆಗೆ ಅಂಟು ಅಂಟಾಗೇ ಉಳಿಯುತ್ತೆ, ಫಿಲ್ಟರ್ ಡಿಕಾಕ್ಷನ್ನೇ ವಾಸಿ. ಕಡೂರಿನವಳು ಕಾರ್ಡ್ ತಗೊಂಡು ಮೂಸಿ ನೋಡಿ ಫೋನ್ ಮಾಡಿದ್ಲು, "ಹೂವಿನ ವಾಸನೆ ಇಲ್ಲ ಕಣೇ, ಕಾಫಿ ವಾಸನೆ ಇದೆ" ಅಂತ.

ಹಳ್ಳದ ದಂಡೆ ಜರಿಗಿಡದ ವಿಷಯ ಹೇಳ್ಲೇಬೇಕು. ಎಲೆ ಹಿಂಭಾಗ ಬಿಳಿ ಪುಡಿ ಇರೋ ಜರಿ ಒಂದಿದೆ, ಮಲೆನಾಡಲ್ಲಿ ಬೆಳೆದ ಮಕ್ಕಳೆಲ್ಲ ಅದನ್ನ ಕೈ ಮೇಲೆ ಇಟ್ಟು ಪಟ್ ಅಂತ ಹೊಡೆದು ಬೆಳ್ಳಿ ಅಚ್ಚು ಹಾಕ್ಕೊಂಡಿರ್ತಾರೆ. ಆ ಅಚ್ಚನ್ನ ಕಾರ್ಡಿಗೆ ತರ್ಬೇಕು ಅಂತ ಆಸೆ ಆಯ್ತು. ಕಪ್ಪು ಕಾಗದದ ಮೇಲೆ ಒತ್ತಿದ್ರೆ ಚೆನ್ನಾಗೇ ಬೀಳುತ್ತೆ, ಆದ್ರೆ ಬೆರಳು ತಾಗಿದ್ರೆ ಅಳ್ಸಿ ಹೋಗುತ್ತೆ, ಮೇಲೆ ಗಮ್ ಹಚ್ಚಿದ್ರೆ ಪುಡಿ ಕರಗಿದ ಹಾಗಾಗಿ ಮಾಯ. ಎಷ್ಟೋ ಎಲೆ ಹಾಳು ಮಾಡಿದ ಮೇಲೆ ಕಂಡುಕೊಂಡಿದ್ದು ಇಷ್ಟು: ಅಗಲದ ಪಾರದರ್ಶಕ ಟೇಪನ್ನ ನೇರ ಎಲೆಯ ಬೆನ್ನಿಗೇ ಅಂಟಿಸಿ, ಬೆರಳಲ್ಲಿ ಮೆತ್ತಗೆ ಸವರಿ, ನಿಧಾನಕ್ಕೆ ಎತ್ಬೇಕು. ಪುಡಿ ಟೇಪಿಗೆ ಬರುತ್ತೆ. ಆ ಟೇಪನ್ನ ಕಪ್ಪು ಕಾಗದಕ್ಕೆ ಅಂಟಿಸಿದ್ರೆ ಆಯ್ತು, ಅಚ್ಚು ಒಳಗೆ ಭದ್ರ. ಪೊಲೀಸ್ನೋರು ಬೆರಳಚ್ಚು ಎತ್ತೋದು ಹೀಗೇ ಅಂತ ನಮ್ಮ ಯಜಮಾನ್ರು ಹೇಳಿದ್ರು. ಎಲೆ ಒದ್ದೆ ಇರ್ಬಾರ್ದು, ತುಂಬಾ ಎಳೇದೂ ಆಗಲ್ಲ. ಒಂದು ಎಲೇಲಿ ಒಂದೇ ಒಳ್ಳೇ ಅಚ್ಚು ಬರುತ್ತೆ, ಅದಕ್ಕೆ ಒಂದು ಗಿಡದಿಂದ ಒಂದೇ ಎಲೆ ಅಂತ ಇಟ್ಕೊಂಡಿದೀನಿ.

ಎಲೆ ಒಣಗಿಸೋ ವಿಷಯದಲ್ಲಿ ಮೊದಲ ಮಳೆಗಾಲ ನಂಗೆ ಅಳು ಬಂದಿತ್ತು. ಪುಸ್ತಕದೊಳಗೆ ಇಟ್ಟಿದ್ದ ಎಲ್ಲಾ ಎಲೆ ಹೂವೂ ಆಶ್ಲೇಷ ಮಳೆ ಹೊತ್ತಿಗೆ ಬೂಷ್ಟು ಹಿಡಿದು, ಪುಸ್ತಕದ ಹಾಳೇನೂ ಹಾಳಾಗಿತ್ತು. ನಮ್ಮ ಕಡೆ ಜುಲೈ ಆಗಸ್ಟಲ್ಲಿ ಬಟ್ಟೆನೇ ಒಣಗಲ್ಲ, ಎಲೆ ಎಲ್ಲಿಂದ ಒಣಗುತ್ತೆ. ಈಗ ಎಲೆನ ನ್ಯೂಸ್‌ಪೇಪರ್ ಮಧ್ಯೆ ಇಟ್ಟು ಇಸ್ತ್ರಿ ಪೆಟ್ಟಿಗೆ ಸಣ್ಣ ಬಿಸೀಲಿ ಇಟ್ಟು ಒತ್ತಿ ತೆಗೆದು, ಆರಿಸಿ, ಮತ್ತೆ ಒತ್ತೋದು. ಹಸಿರೂ ಚೆನ್ನಾಗಿ ಉಳಿಯುತ್ತೆ. ಕರೆಂಟ್ ಇಲ್ಲದ ದಿನ ಬಚ್ಚಲ ಒಲೆ ಪಕ್ಕ ಹಲಗೆ ಮೇಲೆ ಭಾರ ಹೇರಿ ಇಡ್ತೀನಿ. ಅದೇ ಮಳೆಗಾಲದಲ್ಲಿ ನಾನು ಜೆಲ್ ಪೆನ್ನಲ್ಲಿ ಬರೆದು ಕಳ್ಸಿದ್ದ ಮೂರೂ ಕಾರ್ಡು ದಾರೀಲಿ ನೆನೆದು, ಅಕ್ಷರ ಎಲ್ಲ ನೀಲಿ ಕೆರೆ ಆಗಿ ತಲುಪಿದ್ವು. ಈಗ ಕವರೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರ್ ಹಾಕಿ ಬಾಯಿ ಮುಚ್ಚಿ ಕಳ್ಸೋದು.

ಅದಾದ ಮೇಲೇ ನೀರಿಗೆ ಹೋಗದ ಶಾಯಿ ಬೇಕು ಅಂತ ಅಳಲೆಕಾಯಿ ಹಿಂದೆ ಬಿದ್ದೆ. ಗ್ರಂಧಿಗೆ ಅಂಗಡೀಲಿ ಒಣ ಅಳಲೆಕಾಯಿ ಸಿಗುತ್ತೆ. ಜಜ್ಜಿ, ನೀರಲ್ಲಿ ಕುದಿಸಿ ಅರ್ಧಕ್ಕೆ ಇಳಿಸಿ, ಸೋಸಿ, ಅದ್ರಲ್ಲಿ ತುಕ್ಕು ಹಿಡಿದ ಮೊಳೆ ನಾಲ್ಕಾರು ಹಾಕಿ ಒಂದು ವಾರ ಬಿಟ್ಟೆ. ಕಂದು ನೀರು ಕಪ್ಪಾಗ್ತಾ ಬರುತ್ತೆ, ಅಳಲೆಕಾಯಿ ಒಗರೂ ಕಬ್ಬಿಣವೂ ಸೇರಿ ಹಾಗಾಗೋದು. ಸ್ವಲ್ಪ ಗೋಂದು ಕಲಸಿದ್ರೆ ಕಡ್ಡೀಲಿ ಅದ್ದಿ ಬರೆಯೋಕೆ ಹದ ಬರುತ್ತೆ. ಬರೆಯುವಾಗ ತೆಳು ಬೂದಿ ಬಣ್ಣ, ಗಾಳಿಗೆ ಇಟ್ಟ ಹಾಗೆಲ್ಲ ಕರೀ ಕಪ್ಪು. ಮಾರನೇ ದಿನ ಬೆಳಗ್ಗೆ ಎದ್ದು ನೋಡೋದೇ ಒಂದು ಸಂಭ್ರಮ. ಅರಿಶಿನದ ಹಳದಿ, ಕಾಡು ಬಸಳೆ ಹಣ್ಣಿನ ನೇರಳೆ ಕೆಂಪು ಇವೆಲ್ಲ ಹಚ್ಚಿದಾಗ ಎಷ್ಟು ಚಂದವೋ ಅಷ್ಟೇ ಬೇಗ ಬಿಸಿಲಿಗೆ ಹಾರಿ ಹೋಗ್ತವೆ, ಅವನ್ನ ಕಾರ್ಡಿಗೆ ಬಳಸೋದು ಬಿಟ್ಟಿದೀನಿ.

ಹಾಸನದವಳು ಶುರುವಲ್ಲಿ "ನಿಮಗೆಲ್ಲ ಕಾಡು ತೋಟ ಇದೆ, ನಂಗೆ ಟ್ಯಾಂಕು, ಡಿಶ್ ಬಿಟ್ರೆ ಏನಿದೆ" ಅಂತಿದ್ಲು. ಒಂದು ಭಾನುವಾರ ಊರಾಚೆ ನಡ್ಕೊಂಡು ಹೋದಾಗ ಆಲೂಗಡ್ಡೆ ಹೊಲ ಹೂ ಬಿಟ್ಟಿದ್ದು ನೋಡಿದ್ಲಂತೆ. ಇಷ್ಟು ವರ್ಷ ಹಾಸನದಲ್ಲೇ ಇದ್ದವಳು, ಆಲೂಗಡ್ಡೆಗೆ ಅಷ್ಟು ಚಂದದ ಹೂವಿದೆ, ಮಧ್ಯೆ ಹಳದಿ ಮೂತಿ ಇದೆ ಅಂತ ಅವತ್ತೇ ಗೊತ್ತಾಗಿದ್ದು. ಆಲೂಗಡ್ಡೆನೇ ಅರ್ಧ ಕೊಯ್ದು ಅದ್ರಲ್ಲಿ ಹೂವಿನ ಅಚ್ಚು ಕೆತ್ತಿ ನಾಲ್ಕು ಕಾರ್ಡು ಮಾಡಿದ್ಲು. ಆಲೂಗಡ್ಡೆ ಕೆತ್ತಿದ ಮೇಲೆ ಬಟ್ಟೇಲಿ ಚೆನ್ನಾಗಿ ಒರೆಸಿ ನೀರು ತೆಗೀಬೇಕಂತೆ, ಇಲ್ಲಾಂದ್ರೆ ಬಣ್ಣ ಹರಡುತ್ತೆ. ಸಕಲೇಶಪುರದವಳು ಮಳೆ ಶುರುವಾಗೋ ಮುಂಚೆ ಹಲಸಿನ ಮರದ ಮೇಲೆ ಬಿಟ್ಟ ಸೀತಾಳೆ ದಂಡೆ ಅನ್ನೋ ಆರ್ಕಿಡ್ ಹೂವು ಬರೆದು ಕಳ್ಸಿದ್ಲು, ಒಂದು ಹೂವನ್ನೂ ಕೀಳದೆ, ಮರದ ಕೆಳಗೆ ಸ್ಟೂಲ್ ಹಾಕ್ಕೊಂಡು ಕೂತು.

ಕಡೂರಿನವಳ ಕಾರ್ಡು ನಂಗೆ ಬೇರೆ ದೇಶದಿಂದ ಬಂದ ಹಾಗಿರುತ್ತೆ. ಒಂದೇ ಜಿಲ್ಲೆ, ಆದ್ರೆ ಒಂದು ಪುಷ್ಯ ಮಳೆಗೆ ನಾನು ಕಳ್ಸಿದ್ದು ಹದಿನೈದು ದಿನ ಬಿಸಿಲು ಕಾಣದ ತೋಟ, ಬರೀ ಬೂದಿ, ಹಸಿರು, ಕಪ್ಪು. ಅವಳು ಅದೇ ಪುಷ್ಯದಲ್ಲಿ ಕಳ್ಸಿದ್ದು ಧೂಳು ಹಿಡಿದ ದಾರಿ ಪಕ್ಕ ತಂಗಡಿ ಹೂವು, ಕಣ್ಣು ಕುಕ್ಕೋ ಹಳದಿ, ಹಿಂದೆ "ಪುಷ್ಯ. ಮೋಡ ಬರುತ್ತೆ, ಹೋಗುತ್ತೆ" ಅಂತ. ಎರಡನ್ನೂ ಆಲ್ಬಂನ ಒಂದೇ ಪಾಕೆಟಲ್ಲಿ ಬೆನ್ನಿಗೆ ಬೆನ್ನು ಇಟ್ಟಿದೀನಿ. ಅವಳ ಕಡೆ ಮಳೆ ಆಯ್ತಾ ಅಂತ ಆಮೇಲಿಂದ ನಾನು ದಿನಾ ಕೇಳೋಕೆ ಶುರು ಮಾಡಿದೆ.

2022ರಲ್ಲಿ ಚಂದ್ರದ್ರೋಣ ಬೆಟ್ಟದಲ್ಲಿ ಕುರಿಂಜಿ ಅರಳಿದಾಗ ಮಾತ್ರ ನಡೆದೇ ಹೋಗ್ಬೇಕು ಅನ್ನೋ ಕಟ್ಟು ಮುರಿದು ನಾಲ್ಕೂ ಜನ ಜೀಪಲ್ಲಿ ಮುಳ್ಳಯ್ಯನಗಿರಿ ಕಡೆ ಹೋದ್ವಿ. ಗಾಳಿಗೆ ಕಾಗದ ನಿಲ್ಲಲ್ಲ, ಕ್ಲಿಪ್ ಹಾಕಿದ ರಟ್ಟು ಮಂಡಿ ಮೇಲಿಟ್ಕೊಂಡು, ಮಂಜು ಸರಿದಾಗ ಬಣ್ಣ ಹಚ್ಚೋದು, ಮುಚ್ಚಿದಾಗ ಕಾಯೋದು. ಜನ ಹೂವು ಮುರ್ಕೊಂಡು ಫೋಟೋಗೆ ನಿಲ್ತಿದ್ರು, ನೋಡಿ ಸಂಕಟ ಆಯ್ತು. ದಯವಿಟ್ಟು ಕೀಳ್ಬೇಡಿ, ವರ್ಷಗಟ್ಲೆ ಕಾದು ಅರಳೋ ಹೂವು ಅದು.

ಅತ್ತೆಗೆ ಈಗ ಎಪ್ಪತ್ತಾರು. ಮೊಣಕಾಲು ನೋವಿಂದ ಅಂಗಳಕ್ಕೆ ಬಗ್ಗಿ ರಂಗೋಲಿ ಹಾಕೋಕಾಗಲ್ಲ. ಒಂದು ದಿನ ಮಿಕ್ಕಿದ್ದ ಒಂಬತ್ತನೇ ಕಾರ್ಡ್ ತಗೊಂಡು, ಅಳಲೆಕಾಯಿ ಶಾಯೀಲಿ ಕಡ್ಡಿ ಅದ್ದಿ ಚುಕ್ಕಿ ಇಡೋಕೆ ಕೂತ್ರು. ಏಳು ಚುಕ್ಕಿ, ಏಳು ಸಾಲು, ಅಷ್ಟು ಪುಟ್ಟ ಜಾಗದಲ್ಲಿ ಒಂದು ಗೆರೇನೂ ತಪ್ಪಲಿಲ್ಲ. ಈಗ ನನ್ನ ಕಾರ್ಡ್ ತಲುಪಿದ ತಕ್ಷಣ ಮೂರೂ ಜನ ಕೇಳೋದು "ಅತ್ತೆಯವರದ್ದು ಯಾವಾಗ ಬರುತ್ತೆ" ಅಂತಾನೆ.

ಈ ತಿಂಗಳು ನಾನು ಬರೀತಿರೋದು ಭೀಮರಾಜ ಹಕ್ಕಿ. ಬೆಳಗ್ಗೆ ಹಾಲುವಾಣದ ಮರಕ್ಕೆ ಬರುತ್ತೆ, ಬಾಲದಲ್ಲಿ ತಂತಿ ಥರ ಎರಡು ಗರಿ, ತುದೀಲಿ ಒಂದೊಂದು ಎಲೆ ಸಿಕ್ಕಿಸಿದ ಹಾಗೆ. ಹಕ್ಕಿ ಸರಿಯಾಗಿ ಬರೆದ್ರೆ ಬಾಲ 89 ಮಿಲಿಮೀಟರಲ್ಲಿ ಹಿಡಿಯಲ್ಲ, ಬಾಲ ಹಿಡಿಸಿದ್ರೆ ಹಕ್ಕಿ ಗುಬ್ಬಿ ಆಗುತ್ತೆ. ಮೂರು ದಿನ ಒದ್ದಾಡಿ ಕೊನೆಗೆ ಎರಡು ಕಾರ್ಡು ಮೇಲೆ ಕೆಳಗೆ ಜೋಡಿಸಿಟ್ಟು ಬರೆದೆ. ಹಕ್ಕಿ ಹಾಸನಕ್ಕೆ ಹೋಗುತ್ತೆ, ಬಾಲದ ಗರಿ ಎರಡೂ ಕಡೂರಿಗೆ. ಸಕಲೇಶಪುರದವಳಿಗೆ ಅದು ಕೂತಿದ್ದ ಹಾಲುವಾಣದ ಕೊಂಬೆ, ಖಾಲಿ. ದೀಪಾವಳಿಗೆ ಎಲ್ಲರೂ ನಮ್ಮನೆಗೆ ಬರೋರಿದಾರೆ, ಮೂರೂ ಕಾರ್ಡು ಮರೀದೆ ತರ್ಬೇಕು ಅಂತ ಹಿಂದೆ ಬರೆದಿದೀನಿ. ಶಾಯಿ ಇನ್ನೂ ಪೂರ್ತಿ ಕಪ್ಪಾಗಿಲ್ಲ, ನಾಳೆ ಪೋಸ್ಟಿಗೆ ಹಾಕ್ಬೇಕು.